ಊರ ಸೀಟು – ಒಂಬತ್ತನೆಯ ಕಂತು: ಯಾವ ಕಡ್ಲೆ?

ಮೇಜಿನ ಮೇಲೆ ಎರಡು ಸ್ಟೀಲ್ ಬಟ್ಟಲುಗಳಿದ್ದವು. ಒಂದರಲ್ಲಿ ಹುರಿಗಡಲೆ, ಇನ್ನೊಂದರಲ್ಲಿ ಸಿಪ್ಪೆ ಬಿಡಿಸಿದ ಕಡಲೆಕಾಯಿ ಬೀಜ. ಒಂದರ ಪುಡಿ ಇನ್ನೊಂದಕ್ಕೆ ತಾಗಬಾರದೆಂದು ಪತ್ತೇದಾರಿ ಬಿಂದುಶ್ರೀ ಅವನ್ನು ಬೇರೆ ಬೇರೆ ಅಂಗಡಿಗಳಲ್ಲಿ ಕೊಂಡು, ಬೇರೆ ಬೇರೆ ಚೀಲಗಳಲ್ಲಿ ತಂದಿದ್ದಳು.

“ಯೋಚನೆ ಮಾಡ್ಬೇಡಿ. ಥಟ್ ಅಂತ ತೋರಿಸಿ. ಇದರಲ್ಲಿ ಕಡ್ಲೆ ಯಾವುದು?”

ಪ್ರಾಂಶುಪಾಲೆ ಶಾಂತಲಾ ಅವರ ಬೆರಳು ಕಡಲೆಕಾಯಿಯತ್ತ ಹೋಯಿತು. ಹಾಸ್ಟೆಲಿನ ವಾರ್ಡನ್ ಅನಂತಪದ್ಮನಾಭ ಅವರ ಬೆರಳು ಹುರಿಗಡಲೆಯ ಮೇಲೆ ನಿಂತಿತು. ಇಬ್ಬರೂ ಪರಸ್ಪರ ನೋಡಿಕೊಂಡರು.

“ನಾನು ಬೆಳೆದಿದ್ದು ಕೊಯಮತ್ತೂರಲ್ಲಿ,” ಎಂದರು ಶಾಂತಲಾ. “ನಮ್ಮ ಕಡೆ ಕಡಲೆ ಅಂದ್ರೆ ಇದೇ.”

“ನಂಜನಗೂಡಲ್ಲಿ ಅದಕ್ಕೆ ಕಡ್ಲೆಕಾಯಿ ಅಂತೀವಿ ಮೇಡಂ. ಬರೀ ಕಡ್ಲೆ ಅಂದ್ರೆ ಚಟ್ನಿಗೆ ಹಾಕ್ತೀವಲ್ಲ, ಅದು.”

“ವೇಣು ಆಡಿದ ಮಾತನ್ನ ವಿಚಾರಣೆ ಸಮಿತಿಗೆ ಇಂಗ್ಲಿಷ್ ಮಾಡಿಕೊಟ್ಟಿದ್ದು ಯಾರು?” ಎಂದು ಕೇಳಿದಳು ಬಿಂದುಶ್ರೀ.

ಶಾಂತಲಾ ಬೆರಳನ್ನು ಹಿಂದಕ್ಕೆಳೆದುಕೊಂಡರು. ಮಾಡಿಕೊಟ್ಟವರು ಅವರೇ.

ಭಾನುವಾರ ಸಂಜೆ ಕಲ್ಹಾರ ವಸತಿ ಶಾಲೆಯ ಊಟದ ಮನೆಯ ಮೆಟ್ಟಿಲ ಮೇಲೆ ಹತ್ತನೆಯ ತರಗತಿಯ ಮನೋಜ್ ಮುಖ ಊದಿ, ಉಸಿರು ಕಟ್ಟಿ ಕುಸಿದಿದ್ದ. ಕಡಲೆಕಾಯಿ ಅವನ ಮೈಗೆ ವಿಷವೆಂಬುದು ಇಡೀ ಶಾಲೆಗೆ ತಿಳಿದ ಸಂಗತಿ. ಅದೇ ಮಧ್ಯಾಹ್ನ ಅವನ ಜೊತೆ ಒಂದೇ ಕೋಣೆಯಲ್ಲಿರುವ ವೇಣು, ಭಾನುವಾರ ಮಾತ್ರ ಕೈಗೆ ಸಿಗುವ ಫೋನಿನಲ್ಲಿ ಅವನಿಗೊಂದು ಧ್ವನಿಸಂದೇಶ ಕಳಿಸಿದ್ದ:

“ಮಗಾ, ನಮ್ಮಜ್ಜಿ ಪುಡಿ ಕಳ್ಸಿದಾಳೆ. ಈ ಸಲ ಕಡ್ಲೆ ಜಾಸ್ತಿ ಹಾಕ್ಸಿದೀನಿ. ನಿನಗೋಸ್ಕರಾನೇ. ಬಂದು ತಿನ್ನು.”

ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ ಆ ಕಡ್ಲೆ ಕಡಲೆಕಾಯಿಯಾಗಿತ್ತು. ‘ನಿನಗೋಸ್ಕರಾನೇ’ ಎಂಬ ಅಕ್ಕರೆ ಸಂಚಾಗಿತ್ತು.

“ಒಂದು ಶಬ್ದ ತಪ್ಪಾಯ್ತು ಅಂತಾನೇ ಇಟ್ಕೊಳ್ಳಿ,” ಶಾಂತಲಾ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಅವನು ಬಾಯಲ್ಲಿ ಒಂದು ಹೇಳಿ, ಪುಡಿಯಲ್ಲಿ ಇನ್ನೊಂದು ಹಾಕಿಸಿರಬಹುದು ಅಂತ ಟ್ರಸ್ಟಿಗಳು ಕೇಳ್ತಾರೆ. ನಾಲ್ಕು ಗಂಟೆಗೆ ಮೀಟಿಂಗ್. ನನ್ನ ಕೈಲಿ ಪ್ರೂಫ್ ಏನಿದೆ?”

ಬಿಂದುಶ್ರೀ ಕೈಚೀಲದಿಂದ ಪ್ಲಾಸ್ಟಿಕ್ಕಿನ ಪುಟ್ಟ ಪಟ್ಟಿಗಳನ್ನು ತೆಗೆದು ಸಾಲಾಗಿ ಇಟ್ಟಳು. ಬಿಟಿಎಂ ಲೇಔಟಿನಲ್ಲಿ ಒಂದು ಪಿಜಿಯ ಮಹಡಿಯ ಮೇಲೆ ಪತ್ತೇದಾರಿ ಕಚೇರಿ ತೆರೆಯುವ ಮೊದಲು ಅವಳು ಆಹಾರ ಪರೀಕ್ಷಾಲಯವೊಂದರಲ್ಲಿ ಕೆಲಸ ಮಾಡಿದ್ದಳು. ಕೊರೋನಾ ಕಾಲದಲ್ಲಿ ಎಲ್ಲರೂ ಮೂಗಿಗೆ ಕಡ್ಡಿ ಹಾಕಿ ನೋಡಿದರಲ್ಲ, ಅಂಥದ್ದೇ ಪಟ್ಟಿ. ಕಡಲೆಕಾಯಿಯ ಪ್ರೋಟೀನಿನ ಅಂಶವಿದ್ದರೆ ಎರಡು ಗೆರೆ ಮೂಡುತ್ತವೆ, ಇಲ್ಲದಿದ್ದರೆ ಒಂದೇ.

“ಇದು ವೇಣು ಡಬ್ಬಿಯ ಚಟ್ನಿಪುಡಿ. ಮೇಲಿಂದ, ನಡುವಿಂದ, ತಳದಿಂದ ಬೇರೆ ಬೇರೆ ತೆಗೆದು ನೋಡಿದೆ.”

ಎಲ್ಲದರಲ್ಲೂ ಒಂದೇ ಗೆರೆ.

“ಪಟ್ಟಿಗಳೇ ಕೆಟ್ಟಿದ್ರೆ?” ಎಂದರು ಅನಂತಪದ್ಮನಾಭ.

“ಒಳ್ಳೆ ಪ್ರಶ್ನೆ ಸಾರ್. ಅದಕ್ಕೇ ಅದೇ ಪುಡಿಗೆ ಒಂದು ಚಿಟಿಕೆ ಕಡ್ಲೆಕಾಯಿ ಬೆರೆಸಿ ಮತ್ತೆ ನೋಡಿದೆ.” ಅವಳು ಇನ್ನೊಂದು ಪಟ್ಟಿಯನ್ನು ಮುಂದೆ ತಳ್ಳಿದಳು. ಎರಡು ಗೆರೆಗಳು ಢಾಳಾಗಿ ಕಾಣುತ್ತಿದ್ದವು. “ಪಟ್ಟಿ ಸರಿ ಇದೆ. ಪುಡಿಯೂ ಸರಿ ಇದೆ.”

ಅನಂತಪದ್ಮನಾಭ ನಿಟ್ಟುಸಿರು ಬಿಟ್ಟರು. ಅದು ಸಮಾಧಾನದ ಉಸಿರಿನಂತೆ ಕೇಳಿಸಲಿಲ್ಲ. ಬಿಂದುಶ್ರೀ ಅದನ್ನು ಗಮನಿಸಿದಳು. ಆಮೇಲೆ ಕೊನೆಯ ಪಟ್ಟಿಯನ್ನು ಹೊರತೆಗೆದಳು.

“ಇದು ಮನೋಜನ ಬೀರುವಿನ ಕೆಳಗಿನ ಹಲಗೆಯಿಂದ. ಹಾಸಿದ ನ್ಯೂಸ್‌ಪೇಪರ್ ಮೇಲೆ ದುಂಡಗೆ ಎಣ್ಣೆ ಇಳಿದ ಗುರುತಿದೆ. ಅಂಚಿನಲ್ಲಿ ಕೋಡುಬಳೆ ಚೂರು. ಡಬ್ಬಿ ಮಾತ್ರ ಇಲ್ಲ.”

ಆ ಪಟ್ಟಿಯಲ್ಲಿ ಎರಡು ಗೆರೆಗಳಿದ್ದವು.

“ಆ ಡಬ್ಬಿ ಎಲ್ಲಿ ಸಾರ್?”

ವಾರ್ಡನ್ ಕಿಟಕಿಯಾಚೆ ನೋಡಿದರು. ದೂರದಲ್ಲಿ ಹೊಸಕೆರೆಹಳ್ಳಿ ಕೆರೆಯ ಒಂದು ಮೂಲೆ ಬಿಸಿಲಿಗೆ ಹೊಳೆಯುತ್ತಿತ್ತು.

“ಸೋಮವಾರ ಬೆಳಗ್ಗೆ ಮನೋಜನ ತಾತ ಬಂದಿದ್ರು. ಬಟ್ಟೆ ಬೇಕು ಆಸ್ಪತ್ರೆಗೆ ಅಂದ್ರು. ಬೀರು ತೆಗೆದು ಕೊಟ್ಟೆ. ಬಟ್ಟೆ ಜೊತೆ ಡಬ್ಬೀನೂ ತಗೊಂಡ್ರು. ಭಾನುವಾರ ಅವನ ಅಜ್ಜಿ ತಂದುಕೊಟ್ಟಿದ್ದು, ಇರುವೆ ಮುತ್ತುತ್ತೆ ಅಂದ್ರು. ಟ್ರಸ್ಟಿ ಅವರು. ನಾನು ಯಾಕೆ ಅಂತ ಕೇಳೋದು ಹೇಗೆ, ನೀವೇ ಹೇಳಿ.”

“ಇದನ್ನ ಯಾರಿಗೂ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ.”

ಅವರ ದನಿಯಲ್ಲಿ ಮೋಸವಿರಲಿಲ್ಲ. ದೊಡ್ಡವರ ಶಾಲೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿ, ಕೇಳದೆ ಹೇಳಬಾರದೆಂಬುದನ್ನು ಮಾತ್ರ ಅವರು ಚೆನ್ನಾಗಿ ಕಲಿತಿದ್ದರು.

*

ವೇಣುವನ್ನು ಸಂದರ್ಶಕರ ಕೋಣೆಯಲ್ಲಿ ಕೂರಿಸಿದ್ದರು. ಹದಿನೈದರ ಹುಡುಗ, ಇಸ್ತ್ರಿ ಮಾಡಿದ ಅಂಗಿ, ಕಾಲರಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ. ಗೋಡೆಯಾಚೆ ತರಗತಿಗಳು ನಡೆಯುತ್ತಿದ್ದವು. ಮೂರು ದಿನದಿಂದ ಅವನಿಗೆ ತರಗತಿಯಿರಲಿಲ್ಲ.

“ಮೇಡಂ, ನೀವು ಪೊಲೀಸಾ?”

“ಅಲ್ಲಪ್ಪ. ಮದುವೆ ಗಂಡುಗಳು ಹೇಳೋ ಸಂಬಳ ನಿಜಾನಾ ಅಂತ ನೋಡೋದು ನನ್ನ ದಿನದ ಕೆಲಸ.”

“ಹಂಗಾದ್ರೆ ಸುಳ್ಳು ಹೇಳೋರು ಸಖತ್ ಪರಿಚಯ ಅನ್ನಿ.”

ಬಿಂದುಶ್ರೀ ನಕ್ಕಳು. ಅವನೂ ಅರ್ಧ ನಕ್ಕು, ಆಮೇಲೆ ಇಲ್ಲಿ ನಗಬಾರದೆಂಬುದು ನೆನಪಾದವನಂತೆ ನಿಲ್ಲಿಸಿದ.

“ಕಡ್ಲೆ ಜಾಸ್ತಿ ಯಾಕೆ ಹಾಕ್ಸಿದೆ?”

“ಅವ್ನಿಗೆ ಖಾರ ಆಗಲ್ಲ ಮೇಡಂ. ಕಡ್ಲೆ ಜಾಸ್ತಿ ಆದ್ರೆ ಖಾರ ಕಮ್ಮಿ ಆಗುತ್ತೆ. ಅಜ್ಜಿ ಬೈತಾಳೆ, ಯಾವನೋ ಅವನು, ಪುಡೀನ ಪಾಯಸ ಮಾಡಿಸ್ತಾನೆ ಅಂತ.”

“ಯಾವನೋ? ಅಜ್ಜಿಗೆ ಗೊತ್ತಿಲ್ವಾ ಮನೋಜ ಅಂತ?”

ವೇಣು ಬೆರಳಿನಿಂದ ಕುರ್ಚಿಯ ಹಿಡಿಯ ಮೇಲೆ ಗೀಚುತ್ತ ಕೂತ.

“ಫ್ರೆಂಡ್ ಅಂತಷ್ಟೇ ಹೇಳಿದೀನಿ. ಅವ್ನೂ ಮನೇಲಿ ಹೇಳಿಲ್ಲ. ಅವರ ತಾತನ ಹೊಲದಲ್ಲಿ ನಮ್ಮಜ್ಜಿ ಕೆಲ್ಸ ಮಾಡ್ತಿದ್ಲು. ಆಗ ಅಜ್ಜಿ ಕುಡಿಯೋ ನೀರು ಕೇಳಿದ್ರೆ ಮೇಲಿಂದ ಬೊಗಸೆಗೆ ಸುರೀತಿದ್ರಂತೆ. ಈಗ ಹೊಲ ಎಲ್ಲ ಸೈಟ್ ಆಗೋಯ್ತು. ಆದ್ರೂ ನಮ್ಮ ಮನೆ ಅಡುಗೆ ಅವ್ನು ತಿಂದ ಅಂದ್ರೆ...”

ಬಿಂದುಶ್ರೀಗೆ ಮಿಕ್ಕದ್ದು ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಹಳ್ಳಿಯ ಜಮೀನಿನಲ್ಲಿ ಈ ಶಾಲೆ ಎದ್ದಾಗ, ಭೂಮಿ ಕೊಟ್ಟ ಮನೆಯವರು ಒಂದು ಷರತ್ತು ಹಾಕಿದ್ದರು: ಹಳೆಯ ಊರಿನ ಮಕ್ಕಳಲ್ಲಿ ವರ್ಷಕ್ಕೆ ಒಬ್ಬರಿಗೆ ಉಚಿತ ಪ್ರವೇಶ. ಅದನ್ನೇ ಎಲ್ಲರೂ ‘ಊರ ಸೀಟು’ ಎನ್ನುತ್ತಿದ್ದರು. ಭೂಮಿ ಕೊಟ್ಟವರ ಮಗ ಚಿಕ್ಕಬೈರಪ್ಪ, ಇಂದಿನ ಟ್ರಸ್ಟಿ, ಮನೋಜನ ತಾತ. ಆ ಸೀಟಿನಲ್ಲಿ ಓದುತ್ತಿರುವವನು ಸಪ್ಪಲಮ್ಮನ ಮೊಮ್ಮಗ ವೇಣು. ಇವತ್ತು ಸಂಜೆ ಅವನನ್ನು ಹೊರಹಾಕಿದರೆ, ವರ್ಗಾವಣೆ ಪತ್ರದ ಮೇಲೆ ಬರೆಯುವ ಕಾರಣವನ್ನು ನೋಡಿದ ಯಾವ ಶಾಲೆಯೂ ಅವನನ್ನು ಸೇರಿಸಿಕೊಳ್ಳುವುದಿಲ್ಲ.

“ಮೇಡಂ, ಮನೋಜ ಹೆಂಗಿದಾನೆ? ಯಾರನ್ನ ಕೇಳಿದ್ರೂ ನಿನಗ್ಯಾಕೆ ಅಂತಾರೆ.”

ಆ ಪ್ರಶ್ನೆ ಅವಳನ್ನು ಮೆತ್ತಗಾಗಿಸಿತು.

“ಹುಷಾರಾಗಿದಾನೆ. ನಿನ್ನೆ ಐಸಿಯುನಿಂದ ವಾರ್ಡಿಗೆ ಹಾಕಿದಾರೆ. ಜಯನಗರದ ಆಸ್ಪತ್ರೇಲೇ ಇದಾನೆ, ಮಧ್ಯಾಹ್ನ ನೋಡೋಕೆ ಬಿಡ್ತಾರಂತೆ.”

ವೇಣು ತಲೆ ತಗ್ಗಿಸಿದ. ಅವನ ಭುಜಗಳು ಸಡಿಲಾದದ್ದು ಕಾಣಿಸಿತು. ಅವನು ಅಳುತ್ತಿದ್ದಾನೆಂದುಕೊಂಡು ಅವಳು ಸದ್ದಿಲ್ಲದೆ ಎದ್ದು ಹೋದಳು.

*

ಚಿಕ್ಕಬೈರಪ್ಪ ಮೂರೂವರೆಗೇ, ಮೀಟಿಂಗಿಗೆ ಮೊದಲೇ ಬಂದು, ಆಟದ ಮೈದಾನದ ಅಂಚಿನ ಕಲ್ಲುಕಟ್ಟೆಯ ಮೇಲೆ ಕೂತಿದ್ದರು. ಅದು ಅವರ ಮನೆತನದ ಹಳೆಯ ಬಾವಿ. ಶಾಲೆಯವರು ಅದರ ಬಾಯನ್ನು ಕಾಂಕ್ರೀಟಿನಿಂದ ಮುಚ್ಚಿ, ಸುತ್ತ ಹುಲ್ಲು ಬೆಳೆಸಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ದುಬಾರಿ ಫೋನು. ಮುಖದಲ್ಲಿ ನಿದ್ದೆಗೆಟ್ಟ ಗುರುತು.

“ಬಾರಮ್ಮ, ಕೂತ್ಕೊ. ನೀನೇನಾ ಆ ಹುಡುಗನ ಕಡೆಯವಳು?”

“ನನ್ನ ಕರೆಸಿದ್ದು ಶಾಂತಲಾ ಮೇಡಂ. ಯಾರ ಕಡೆಯವಳೂ ಅಲ್ಲ.”

“ಹಂಗಂದೋರೆಲ್ಲ ಕೊನೆಗೆ ಯಾರದೋ ಕಡೆ ಆಗ್ತಾರೆ.”

“ಕೋಡುಬಳೆ ಡಬ್ಬಿ ಏನ್ಮಾಡಿದ್ರಿ ಯಜಮಾನ್ರೇ?”

ಅವರು ಮೈದಾನದತ್ತ ಮುಖ ತಿರುಗಿಸಿದರು. ಪುಟ್ಟ ಮಕ್ಕಳು ಬಿಳಿ ಬೂಟು ಹಾಕಿಕೊಂಡು ಓಟದ ಅಭ್ಯಾಸ ಮಾಡುತ್ತಿದ್ದರು.

“ಆ ಫೋನು ಚೀಲದೊಳಗೆ ಹಾಕು. ಮಾತಾಡ್ತೀನಿ.”

ಅವಳು ಫೋನನ್ನು ಆರಿಸಿ ಅವರ ಕಣ್ಣೆದುರೇ ಚೀಲಕ್ಕೆ ಹಾಕಿದಳು.

“ನಿಮ್ಮ ಮನೇಲಿ ಮೊದಲಿಂದ ಕಡ್ಲೆಕಾಯಿ ಎಣ್ಣೇನೇ ಬಳಸ್ತಿದ್ರಾ?” ಎಂದು ಕೇಳಿದಳು.

“ಹೂಂ. ಪ್ಯಾಕೆಟ್ಟಿನ ರಿಫೈಂಡು. ಅದ್ರಿಂದ ಅವ್ನಿಗೆ ಯಾವತ್ತೂ ಏನೂ ಆಗಿಲ್ಲ. ಬೀಜ ಕಂಡ್ರೆ ಆಗಲ್ಲ, ಎಣ್ಣೆ ಆಗುತ್ತೆ, ಹಂಗೇ ಅಂದ್ಕೊಂಡಿದ್ವಿ.”

“ರಿಫೈಂಡ್ ಮಾಡೋವಾಗ ಅದರ ಪ್ರೋಟೀನೆಲ್ಲ ಹೋಗಿರುತ್ತೆ. ಅದಕ್ಕೇ ತಡ್ಕೊಂಡಿದಾನೆ.”

“ಈಗ ಬನಶಂಕರೀಲಿ ಬೀದಿಗೊಂದು ಗಾಣ ಆಗಿದ್ಯಲ್ಲಮ್ಮ. ನನ್ನ ಹೆಂಡ್ತಿ ಲಕ್ಷ್ಮಿಗೆ ಯಾರೋ ವಾಕಿಂಗ್‌ನಲ್ಲಿ ಹೇಳವ್ರೆ, ಪ್ಯಾಕೆಟ್ ಎಣ್ಣೆ ವಿಷ, ಮರದ ಗಾಣದ್ದು ಅಮೃತ ಅಂತ. ಮೊಮ್ಮಗನಿಗೆ ಒಳ್ಳೇದಾಗ್ಲಿ ಅಂತ ಅದ್ರಲ್ಲೇ ಕೋಡುಬಳೆ ಕರೆದ್ಲು.” ಅವರು ಫೋನನ್ನು ಕೈಯಿಂದ ಕೈಗೆ ಬದಲಿಸಿದರು. “ಸೋಮವಾರ ಬೆಳಗ್ಗೆ ಡಾಕ್ಟ್ರು ಕೇಳಿದ್ರು, ಹೊಸ ಎಣ್ಣೆ ಏನಾದ್ರೂ ತಂದಿದೀರಾ ಅಂತ. ಆ ಗಾಣದ ಎಣ್ಣೆ ನೆನಪಾಯ್ತು. ಇಲ್ಲ ಅಂದೆ. ಸೀದಾ ಇಲ್ಲಿಗ್ ಬಂದು ಡಬ್ಬಿ ತಗೊಂಡೋದೆ.”

“ಅಷ್ಟೊತ್ತಿಗೆ ವೇಣು ಹೆಸರು ಬಂದಿತ್ತು.”

“ನಾನು ತಂದಿದ್ದಲ್ಲ. ಹಾಸ್ಟೆಲ್ ಹುಡುಗ್ರು ಮನೋಜನ ಫೋನ್ ತೋರಿಸಿದ್ರು, ಮೇಡಂ ಹಿಂಗಂತೆ ಅಂದ್ರು. ಸಪ್ಪಲಮ್ಮನ ಮನೆ ಪುಡಿ ತಿಂತಿದ್ದ ಅಂತ ಕೇಳಿದ್ಮೇಲೆ ಇಡೀ ರಾತ್ರಿ ನಾನೂ ನಂಬಿದ್ದೆ. ಸುಳ್ಳು ಯಾಕೆ ಹೇಳ್ಲಿ, ನಂಬೋದು ಕಷ್ಟ ಆಗ್ಲಿಲ್ಲ.” ಅವರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. “ಬೆಳಗಾದ್ಮೇಲೆ ನಿಜ ಗೊತ್ತಾಯ್ತು. ಬಾಯಿ ಬಿಡೋಕಾಗ್ಲಿಲ್ಲ.”

“ಯಾಕೆ?”

“ಇವ್ನು ನಾಲ್ಕು ವರ್ಷದವನಾಗಿದ್ದಾಗ ಲಕ್ಷ್ಮಿ ಒಂದು ಚಿಕ್ಕಿ ತಿನ್ನಿಸಿದ್ಲು. ಮೊದಲ್ನೇ ಸಲ ಹಿಂಗಾಗಿದ್ದು ಆವಾಗ್ಲೇ. ಗೊತ್ತಿಲ್ದೆ ಮಾಡಿದ್ದು. ಸೊಸೆ ಶ್ವೇತ ಮಗೂನ ಅವಳ ಕೈಗೇ ಕೊಡ್ತಿರ್ಲಿಲ್ಲ. ಒಂದೇ ಮನೇಲಿದ್ಕೊಂಡು, ಅಜ್ಜಿ ಬಾಗಿಲಲ್ಲಿ ನಿಂತು ಮೊಮ್ಮಗ ಉಣ್ಣೋದು ನೋಡ್ತಿದ್ಲು. ಈಗೀಗ ಭಾನುವಾರ ಏನಾದ್ರೂ ಮಾಡಿ ತಗೊಂಡೋಗಿ ಅತ್ತೆ ಅಂತಾಳೆ. ಅದೇ ಲಕ್ಷ್ಮಿಗೆ ಹಬ್ಬ. ನಿನ್ನ ಕೈಯಾರೆ ಮತ್ತೆ ಹಿಂಗ್ ಮಾಡ್ದೆ ಅಂತ ನಾನು ಹೆಂಗೆ ಹೇಳ್ಲಿ? ಉಳಿಯಲ್ಲ ಅವಳು.”

ಬಿಂದುಶ್ರೀ ಕಿಡಿಗೇಡಿಯೊಬ್ಬನನ್ನು ಎದುರಿಸಲು ಸಿದ್ಧಳಾಗಿ ಬಂದಿದ್ದಳು. ಎದುರಿಗಿದ್ದದ್ದು ಹೆಂಡತಿಯ ಮುಖಕ್ಕೆ ಹೆದರಿದ ಒಬ್ಬ ಮುದುಕ. ಕುಮಾರಸ್ವಾಮಿ ಲೇಔಟಿನ ತನ್ನ ಮನೆಯಲ್ಲೂ ಇಂಥ ಅಜ್ಜಿಯೊಬ್ಬರು ಇದ್ದರು. ಆದರೂ ಸಂದರ್ಶಕರ ಕೋಣೆಯಲ್ಲಿ ಮೇಲಿನ ಗುಂಡಿಯನ್ನೂ ಹಾಕಿ ಕೂತ ಹುಡುಗ ಕಣ್ಣಿನಿಂದ ಸರಿಯಲಿಲ್ಲ.

“ವೇಣು ಉಳೀತಾನಾ?”

“ಅವ್ನನ್ನ ಬೇರೆ ಸ್ಕೂಲಿಗೆ ನಾನೇ ಸೇರಿಸ್ತೀನಿ. ಕಾಲೇಜ್ ಗಂಟ ನನ್ನ ಜವಾಬ್ದಾರಿ.”

“ಏನಂತ ಸೇರಿಸ್ತೀರಾ? ಸ್ನೇಹಿತನಿಗೆ ವಿಷ ಹಾಕಿದವನು ಅಂತಾನಾ?”

ಅವರು ಅಂಗೈಯಿಂದ ಕಟ್ಟೆಯ ಕಲ್ಲು ತಟ್ಟಿದರು.

“ಆ ಸೀಟು ಕೊಟ್ಟವರೇ ನಾವಮ್ಮ.”

“ಕೊಟ್ಟಿದ್ದಕ್ಕೆ ಕಿತ್ಕೋಬಹುದಾ?”

ಅವಳು ಕ್ರಮವಾಗಿ ಯೋಚಿಸಿದಳು. ಕಾರಣ ತಿಳಿಯಿತು, ಡಬ್ಬಿ ಹೋದ ದಾರಿ ತಿಳಿಯಿತು. ಉಳಿದದ್ದು ಒಂದು.

“ಉಳಿದ ಎಣ್ಣೆ ಎಲ್ಲಿ?”

“ತೆಂಗಿನ ಬುಡಕ್ಕೆ ಸುರಿದುಬಿಟ್ಟೆ. ಅಷ್ಟು ಬುದ್ಧಿ ಇದೆ ನನಗೆ.”

“ಅಮ್ಮಾವ್ರಿಗೆ ಏನಂದ್ರಿ?”

“ಕ್ಯಾನಿಗೆ ಇಲಿ ಬಿದ್ದಿತ್ತು ಅಂದೆ.”

“ಇಲಿ ಬಿತ್ತು ಅಂದ್ರೆ ಯಾರಾದ್ರೂ ಏನ್ಮಾಡ್ತಾರೆ ಯಜಮಾನ್ರೇ?”

ಚಿಕ್ಕಬೈರಪ್ಪ ಅವಳತ್ತ ತಿರುಗಿದರು. ಪ್ರಶ್ನೆ ಅವರೊಳಗೆ ಇಳಿಯುವುದು ಕಣ್ಣಿಗೆ ಕಾಣುವಂತಿತ್ತು.

“ಎಣ್ಣೆ ಕೆಟ್ಟದ್ದು ಅಂತ ನೀವು ಹೇಳ್ಲಿಲ್ಲ,” ಎಂದಳು ಬಿಂದುಶ್ರೀ. “ಇಲಿ ಬಿದ್ದು ಹಾಳಾಯ್ತು ಅಂತ ಹೇಳಿದೀರಾ. ಅವರು ಅದನ್ನೇ ಮತ್ತೆ ತರಿಸಿರ್ತಾರೆ.”

“ಅಯ್ಯೋ ಶಿವನೇ.”

ಅವರು ಹೆಂಡತಿಯ ನಂಬರು ಒತ್ತಿದರು. ಅಷ್ಟರಲ್ಲಿ ಶಾಂತಲಾ ಹುಲ್ಲಿನ ಮೇಲೆ ಓಡುತ್ತ ಬಂದರು. ಅವರು ಓಡುವುದನ್ನು ಶಾಲೆಯಲ್ಲಿ ಯಾರೂ ನೋಡಿರಲಿಕ್ಕಿಲ್ಲ.

“ಬಿಂದುಶ್ರೀ, ವೇಣು ಇಲ್ಲ! ಹಿಂದಿನ ಗೇಟಿಂದ ಹೋಗಿದಾನೆ. ಸಮಿತಿಯವರು ಬಂದಿದಾರೆ. ತಪ್ಪು ಮಾಡಿಲ್ಲ ಅಂದ್ರೆ ಯಾಕೆ ಓಡಿಹೋದ ಅಂತಿದಾರೆ.”

ಎಲ್ಲಿಗೆ ಹೋಗಿದ್ದಾನೆಂಬುದು ಬಿಂದುಶ್ರೀಗೆ ತಕ್ಷಣ ಹೊಳೆಯಿತು. ದಾರಿ ತೋರಿಸಿದವಳು ತಾನೇ.

ಚಿಕ್ಕಬೈರಪ್ಪನವರ ಕಿವಿ ಮಂದ. ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತಿತ್ತು. ಲಕ್ಷ್ಮಿದೇವಮ್ಮನವರ ದನಿ ಬಾವಿಕಟ್ಟೆಯ ಸುತ್ತ ನಿಂತ ಮೂವರಿಗೂ ಸ್ಪಷ್ಟವಾಗಿ ಕೇಳಿಸಿತು.

“ರೀ, ಹೇಳಿ.”

“ಎಲ್ಲಿದೀಯ?”

“ಆಸ್ಪತ್ರೇಲಿ. ಮನೋಜ ಬರೀ ಗಂಜಿ ಕುಡ್ಕೊಂಡು ಬಿದ್ದವ್ನಲ್ಲ ಅಂತ ಬೆಳಗ್ಗೆ ಎದ್ದು ನಾಲ್ಕು ಕೋಡುಬಳೆ ಕರೆದೆ. ಹೊಸ ಎಣ್ಣೆ ತರಿಸ್ದೆ, ಘಮ್ ಅಂತೈತೆ.”

“ತಿಂದ್ನಾ?”

“ಇನ್ನೂ ಇಲ್ಲ. ಒಳಕ್ಕೆ ಒಬ್ಬರನ್ನೇ ಬಿಡೋದಂತೆ. ನನ್ನ ಮಂಡಿಗೆ ಆ ಮೆಟ್ಲು ಆಗ್ಲಿಲ್ಲ. ಯಾರು ಬಂದವ್ರೆ ಗೊತ್ತಾ? ಸಪ್ಪಲಮ್ಮನ ಮೊಮ್ಮಗ! ನೀವೆಲ್ಲ ಏನೇನೋ ಅಂತಿದ್ರಲ್ಲ, ಪಾಪದ್ ಮಗು ಕಣ್ರೀ. ಮನೋಜನ ನೋಡ್ಬೇಕು ಅಂತ ಕಣ್ಣೀರು ಹಾಕ್ಕೊಂಡ. ವಿಷ ಹಾಕೋನು ಅಳ್ತಾನಾ? ಅವ್ನ ಕೈಗೇ ಡಬ್ಬಿ ಕೊಟ್ಟು ಕಳಿಸ್ದೆ. ಅಗೋ, ಮೆಟ್ಲು ಹತ್ತುತಾವ್ನೆ.”

ಬಿಂದುಶ್ರೀ ಚಿಕ್ಕಬೈರಪ್ಪನವರ ತೋಳು ಹಿಡಿದಳು. “ಹೇಳಿ. ಎಣ್ಣೆ ಅಂತ ಹೇಳಿ.”

“ಏನ್ ಮಾತು? ಯಾವ ಎಣ್ಣೆ?” ಎಂದರು ಶಾಂತಲಾ. ಅವರಿಗೆ ಯಾವುದೂ ತಿಳಿದಿರಲಿಲ್ಲ.

“ರೀ? ಕೇಳಿಸ್ತಾ?” ಎಂದಿತು ಫೋನು.

ಚಿಕ್ಕಬೈರಪ್ಪ ಕಣ್ಣು ಮುಚ್ಚಿದರು. ಹೆಂಡತಿಯ ಹೆಸರನ್ನು ಒಮ್ಮೆ, ಬಹಳ ಮೆತ್ತಗೆ, ಮದುವೆಯಾದ ಹೊಸತರಲ್ಲಿ ಕರೆದಿರಬಹುದಾದ ಹಾಗೆ ಕರೆದರು.

“ಲಕ್ಷ್ಮೀ. ತಡಿ ಅವನ್ನ. ಮನೋಜ ಆ ಡಬ್ಬಿ ಮುಟ್ಟಬಾರದು.”

“ಯಾಕ್ರೀ?”

ಅವರು ಕಣ್ಣು ತೆರೆದು ಬಿಂದುಶ್ರೀಯನ್ನು ನೋಡಿದರು. ಆ ನೋಟದಲ್ಲಿ ಕ್ಷಮೆಯ ಬೇಡಿಕೆಯಿತ್ತು. ಅದನ್ನು ಕಂಡ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು. ಫೋನಿನತ್ತ ಕೈ ಚಾಚಿದಳು. ತಡವಾಗಿತ್ತು.

“ಆ ಹುಡುಗ ಅದ್ರಲ್ಲಿ ಏನೋ ಬೆರೆಸವ್ನೆ.”

ಶಾಂತಲಾ ಕೈಯಿಂದ ಬಾಯಿ ಮುಚ್ಚಿಕೊಂಡರು. ಇನ್ನು ಅರ್ಧ ಗಂಟೆಯಲ್ಲಿ ಆ ಡಬ್ಬಿ ಪೊಲೀಸರ ಕೈ ಸೇರುತ್ತದೆ, ಪರೀಕ್ಷೆಗೆ ಹೋಗುತ್ತದೆ. ಯಾರು ನೋಡಿದರೂ ಎರಡು ಗೆರೆ ಮೂಡುತ್ತವೆ. ಹಿಡಿದವನ ಬೆರಳ ಗುರುತೂ ಸಿಗುತ್ತದೆ. ಬಾವಿಕಟ್ಟೆಯ ಮೇಲೆ ಆಡಿದ ಮಾತಿಗೆ ಬಿಂದುಶ್ರೀಯೊಬ್ಬಳೇ ಸಾಕ್ಷಿ, ಅವಳ ಫೋನು ಆರಿದ ಸ್ಥಿತಿಯಲ್ಲಿ ಚೀಲದೊಳಗಿತ್ತು.

ಆಚೆಯಿಂದ ಲಕ್ಷ್ಮಿದೇವಮ್ಮನವರ ಕೂಗು ಮೈದಾನದ ಮಕ್ಕಳೂ ನಿಂತು ನೋಡುವಷ್ಟು ಜೋರಾಗಿ ಹೊರಬಿತ್ತು.

“ಹಿಡ್ಕೊಳ್ರಪ್ಪಾ ಅವನ್ನ! ನನ್ನ ಮಗೂಗೆ ವಿಷ ತಂದವ್ನೆ! ಹಿಡ್ಕೊಳ್ರೋ!”

ಓಡುವ ಹೆಜ್ಜೆಗಳು. ಯಾರದೋ ಗದರಿಕೆ. ಮೆಟ್ಟಿಲ ಮೇಲೆ ಸ್ಟೀಲ್ ಡಬ್ಬಿ ಉರುಳಿದ ಸದ್ದು. ಅದರ ನಡುವೆ, ಏದುಸಿರಿನಲ್ಲಿ, ಏನೊಂದೂ ಅರ್ಥವಾಗದ ಹುಡುಗನ ದನಿ:

“ಅಜ್ಜೀ, ನೀವೇ ಕೊಟ್ರಲ್ಲ? ಹೇಳಿ ಅಜ್ಜೀ, ನೀವೇ ಕೊಟ್ರಿ ಅಂತ ಇವರಿಗೆ ಹೇಳಿ!”

ಲಕ್ಷ್ಮಿದೇವಮ್ಮ ಏನು ಹೇಳಿದರೋ, ಅದು ಕೇಳಿಸುವ ಮೊದಲೇ ಕರೆ ಕಡಿದುಹೋಯಿತು.